ಗಡಿಯಾಚೆಯಿಂದ ಬರುವ ವಿದ್ಯಾರ್ಥಿಗಳಿಗೆ ರೈಲ್ವೆ ಪಾಸ್: ನನ್ನ ಅನುಭವ

ಬಳ್ಳಾರಿಯ ಪದವಿ ಕಾಲೇಜೊಂದರ ಕಚೇರಿಯಲ್ಲಿ ಪ್ರವೇಶಾತಿಯ ಕಡತಗಳನ್ನು ನೋಡಿಕೊಳ್ಳುವ ನನಗೆ, ಆಂಧ್ರಪ್ರದೇಶದ ಗುಂತಕಲ್, ರಾಯದುರ್ಗ, ಆಲೂರು ಕಡೆಗಳಿಂದ ನಿತ್ಯ ಬಂದುಹೋಗುವ ಮಕ್ಕಳ ಪ್ರಯಾಣದ ಖರ್ಚು ಮೊದಲಿನಿಂದಲೂ ಚಿಂತೆಯ ವಿಷಯವಾಗಿದೆ. ಅವರಲ್ಲಿ ಅನೇಕರ ಮನೆಮಾತು ಕನ್ನಡವೇ. ಶುಲ್ಕವನ್ನು ಹೇಗೋ ಹೊಂದಿಸಿಕೊಂಡವರು ಕೂಡ ಬಸ್ಸಿನ ದಿನವಹಿ ಖರ್ಚಿಗೆ ಹೆದರಿ ತರಗತಿ ತಪ್ಪಿಸುವುದನ್ನು ಕಂಡ ಮೇಲೆ, ಇದನ್ನು ಕಚೇರಿಯ ಕೆಲಸವೆಂದೇ ಭಾವಿಸಿ ಕೈಗೆತ್ತಿಕೊಂಡೆ.

ಬಸ್ಸಿನ ರಿಯಾಯಿತಿಗಳು ರಾಜ್ಯದ ಗಡಿಯಲ್ಲಿ ನಿಂತುಬಿಡುತ್ತವೆ. 2023ರ ಜೂನ್ 11ರಂದು ಆರಂಭವಾದ, ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಕರ್ನಾಟಕದ ನಿವಾಸಿ ಮಹಿಳೆಯರಿಗೆ ಮೀಸಲು. 2025ರ ಆಗಸ್ಟ್ 15ರಂದು ಆಂಧ್ರದಲ್ಲಿ ಜಾರಿಗೆ ಬಂದ ಅದೇ ಬಗೆಯ ಸ್ತ್ರೀಶಕ್ತಿ ಯೋಜನೆ ಆ ರಾಜ್ಯದೊಳಗಿನ ಪ್ರಯಾಣಕ್ಕೆ ಸೀಮಿತ. ರಾಯದುರ್ಗದಿಂದ ಬಳ್ಳಾರಿಗೆ ನೇರ ಬಸ್ಸು ಹಿಡಿಯುವ ಹುಡುಗಿ ಎರಡಕ್ಕೂ ಹೊರಗೇ ಉಳಿಯುತ್ತಾಳೆ. ಹುಡುಗರ ಮಾತಂತೂ ಬೇರೆ ಹೇಳಬೇಕಾಗಿಲ್ಲ.

ಆದರೆ ರೈಲ್ವೆಯ ಸೀಸನ್ ಟಿಕೆಟ್‌ಗೆ, ಅಂದರೆ ಮಾಸಿಕ ಅಥವಾ ತ್ರೈಮಾಸಿಕ ಪಾಸಿಗೆ, ವಿದ್ಯಾರ್ಥಿ ಯಾವ ರಾಜ್ಯದವನೆಂಬುದು ಮುಖ್ಯವಲ್ಲ. ಮನೆಗೆ ಹತ್ತಿರದ ನಿಲ್ದಾಣ ಯಾವುದು, ಕಾಲೇಜಿಗೆ ಹತ್ತಿರದ್ದು ಯಾವುದು ಎಂಬುದಷ್ಟೇ ಮುಖ್ಯ. ಪದವಿಯವರೆಗೆ ಓದುವ ಹುಡುಗಿಯರಿಗೂ 12ನೇ ತರಗತಿಯವರೆಗಿನ ಹುಡುಗರಿಗೂ ಮನೆ ಮತ್ತು ಶಿಕ್ಷಣ ಸಂಸ್ಥೆಯ ನಡುವೆ ಎರಡನೇ ದರ್ಜೆಯ ಮಾಸಿಕ ಪಾಸ್ ಉಚಿತವಾಗಿ ದೊರೆಯುತ್ತದೆ. ಪದವಿ ತರಗತಿಯ ಹುಡುಗರಿಗೆ ಸಾಮಾನ್ಯ ಮಾಸಿಕ ಪಾಸಿನ ಅರ್ಧ ದರ. ಇಷ್ಟು ದೊಡ್ಡ ಸೌಲಭ್ಯದ ಸುದ್ದಿ ಹಳ್ಳಿಯ ಪೋಷಕರಿಗೆ ತಲುಪದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ನಾನು ಮಾಡಿಕೊಂಡ ವ್ಯವಸ್ಥೆ ಸರಳವಾದದ್ದು. ಪ್ರವೇಶದ ದಿನವೇ ಊರಿನ ಹೆಸರಿನೊಂದಿಗೆ ಹತ್ತಿರದ ರೈಲು ನಿಲ್ದಾಣದ ಹೆಸರನ್ನೂ ಬರೆಸಿಕೊಳ್ಳುತ್ತೇನೆ. ರಿಯಾಯಿತಿ ಪ್ರಮಾಣಪತ್ರದಲ್ಲಿ ಹೆಸರು, ಜನ್ಮದಿನಾಂಕ, ತರಗತಿ ಮತ್ತು ಎರಡೂ ನಿಲ್ದಾಣಗಳನ್ನು ತುಂಬಿ, ದಾಖಲಾತಿ ಪುಸ್ತಕದೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಪ್ರಾಂಶುಪಾಲರ ಸಹಿ, ಮೊಹರಿಗೆ ಕಳುಹಿಸುತ್ತೇನೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳ ಅರ್ಜಿಯನ್ನು ಕೌಂಟರಿನಲ್ಲಿ ಹಿಂದಿರುಗಿಸಿದರು: ಆಕೆಯ ಊರಿಗೆ ಹತ್ತಿರದ ನಿಲ್ದಾಣ ಓಬಳಾಪುರವಾಗಿದ್ದು, ಅರ್ಜಿಯಲ್ಲಿ ರಾಯದುರ್ಗವೆಂದು ಬರೆಸಿದ್ದಳು. ಅಂದಿನಿಂದ ವಿಳಾಸದ ದಾಖಲೆಯನ್ನು ನೋಡದೆ ನಿಲ್ದಾಣದ ಹೆಸರು ಬರೆಯುವುದಿಲ್ಲ.

ಪಾಸ್ ಕೈಗೆ ಬಂದ ಮೇಲೆ ಮಕ್ಕಳಿಗೆ ಎರಡು ಮಾತು ತಪ್ಪದೆ ಹೇಳುತ್ತೇನೆ. ಗುರುತಿನ ಚೀಟಿ ಜೊತೆಯಲ್ಲಿರಬೇಕು. ಕಾಯ್ದಿರಿಸಿದ ಬೋಗಿ ಹತ್ತಬಾರದು, ಸೂಪರ್‌ಫಾಸ್ಟ್ ರೈಲಿಗೆ ಹೆಚ್ಚುವರಿ ಶುಲ್ಕವಿದೆ. ಅರ್ಧ ದರದ ಹುಡುಗರು ತ್ರೈಮಾಸಿಕ ಪಾಸ್ ಕೇಳುವುದುಂಟು. ಅದಕ್ಕೆ ಮಾಸಿಕ ದರದ 2.7 ಪಟ್ಟು ಮಾತ್ರ ಆಗುವುದರಿಂದ ಉಳಿತಾಯವಿದೆ. ಆದರೂ ನಡುವೆ ದೀರ್ಘ ರಜೆ ಬರುವಂತಿದ್ದರೆ ತಿಂಗಳ ಪಾಸೇ ಮೇಲು ಎನ್ನುತ್ತೇನೆ.

ಪ್ರಯೋಗಾಲಯದ ತರಗತಿ ಮುಗಿಯುವ ಹೊತ್ತಿಗೆ ರೈಲು ಹೊರಟುಹೋಗಿರುವ ದಿನಗಳಿವೆ. ದೂರದಿಂದ ಬರುವವರನ್ನು ಬೆಳಗಿನ ತಂಡಕ್ಕೆ ಸೇರಿಸಲು ವಿಭಾಗದ ಮುಖ್ಯಸ್ಥರನ್ನು ಕೇಳಿಕೊಂಡೆ, ಅವರು ಒಪ್ಪಿದರು. ಆಲೂರು ರಸ್ತೆಯ ಮಕ್ಕಳಿಗೆ ಮಾತ್ರ ರೈಲಿನ ದಾರಿಯಿಲ್ಲ. ಎರಡೂ ರಾಜ್ಯಗಳ ಸಾರಿಗೆ ನಿಗಮಗಳು ಪರಸ್ಪರರ ವಿದ್ಯಾರ್ಥಿ ಪಾಸುಗಳನ್ನು ಮಾನ್ಯ ಮಾಡುವಂತೆ ಒಪ್ಪಂದ ಮಾಡಿಕೊಳ್ಳಬೇಕೆಂದು ಅವರ ಪೋಷಕರ ಸಹಿಯೊಂದಿಗೆ ಮನವಿ ಬರೆದುಕೊಟ್ಟಿದ್ದೇನೆ, ಅದರ ಬೆನ್ನು ಹತ್ತಿದ್ದೇನೆ.