ಯೆಹೂದ್ಯರ ಸೆರೆವಾಸದ ಪಾಠವನ್ನು ಕಲಿಸುವ ಬಗೆ

ಕೊಪ್ಪಳದ ಪ್ರೌಢಶಾಲೆಗಳಲ್ಲಿ ಈ ಪಾಠ ಮಾಡುವವರು ಮೊದಲು ಇಸ್ರೇಲ್ ಮತ್ತು ಯೆಹೂದ ಎಂಬ ಎರಡು ರಾಜ್ಯಗಳನ್ನು ಕಪ್ಪುಹಲಗೆಯ ಮೇಲೆ ಬೇರೆ ಬೇರೆಯಾಗಿ ಬರೆಯಬೇಕು. ಇಲ್ಲದಿದ್ದರೆ ಮುಂದಿನದೆಲ್ಲ ಗೋಜಲಾಗುತ್ತದೆ. ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯನ್ನರು ಉತ್ತರದ ಇಸ್ರೇಲ್ ರಾಜ್ಯದ ರಾಜಧಾನಿ ಸಮಾರ್ಯವನ್ನು ಗೆದ್ದುದನ್ನು ಚುಟುಕಾಗಿ ತಿಳಿಸಿ, ಬ್ಯಾಬಿಲೋನಿಗೆ ಹೆಚ್ಚು ಸಮಯ ಕೊಡಿ. ಕ್ರಿ.ಪೂ. 597ರಲ್ಲಿ ಬ್ಯಾಬಿಲೋನಿನ ಅರಸ ಎರಡನೆಯ ನೆಬುಕಡ್ನೆಜರನು ಯೆಹೂದದ ರಾಜಧಾನಿ ಜೆರುಸಲೇಮನ್ನು ವಶಪಡಿಸಿಕೊಂಡು ಅಲ್ಲಿಯ ಅರಸ ಯೆಹೋಯಾಕೀನನನ್ನೂ ಅನೇಕ ಯೆಹೂದ್ಯರನ್ನೂ ಬ್ಯಾಬಿಲೋನಿಗೆ ಸೆರೆಯೊಯ್ದನು; ಸುಮಾರು 586ರಲ್ಲಿ ಜೆರುಸಲೇಮಿನ ದೇವಾಲಯವೇ ನಾಶವಾಯಿತು. ಆ ಸೆರೆಯ ಅರಸನಿಗೆ ಎಣ್ಣೆಯನ್ನು ಪಡಿಯಾಗಿ ಕೊಟ್ಟ ಲೆಕ್ಕವು ಬ್ಯಾಬಿಲೋನಿನ ಜೇಡಿಮಣ್ಣಿನ ಫಲಕಗಳಲ್ಲಿ ಇಂದಿಗೂ ಉಳಿದಿದೆ ಎಂಬುದನ್ನು ತಪ್ಪದೆ ಹೇಳಿ. ಗವಿಮಠದ ಅಶೋಕ ಶಾಸನವನ್ನು ಕಂಡ ಮಕ್ಕಳಿಗೆ ಇಂತಹ ಬರಹದ ಬೆಲೆ ಬೇಗ ಅರ್ಥವಾಗುತ್ತದೆ. ಕ್ರಿ.ಪೂ. 539ರಲ್ಲಿ ಪರ್ಷಿಯದ ಸೈರಸ್ ಬ್ಯಾಬಿಲೋನನ್ನು ಗೆದ್ದ ಮೇಲೆ ಯೆಹೂದ್ಯರಿಗೆ ತಾಯ್ನಾಡಿಗೆ ಮರಳಲು ಅವಕಾಶವಾದರೂ ಅನೇಕರು ಅಲ್ಲಿಯೇ ನೆಲೆಸಿದರು. ಅದಕ್ಕೆ ಕಾರಣವೇನಿರಬಹುದೆಂದು ಮಕ್ಕಳನ್ನೇ ಕೇಳಿ.