ಮನೆ ಅಂಗಳದಲ್ಲೇ ಲಾರಿ ಆಯಿಲ್ ಬದಲಾವಣೆ: ತೊಟ್ಟೂ ನೆಲಕ್ಕೆ ಬೀಳದ ಹಾಗೆ

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಲಾರಿ ಇಟ್ಟುಕೊಂಡವರು ಕಬ್ಬಿನ ಹಂಗಾಮಿಗೆ ಮೊದಲು ಮುಗಿಸಿಕೊಳ್ಳಬೇಕಾದ ಕೆಲಸ ಎಂಜಿನ್ ಆಯಿಲ್ ಬದಲಾವಣೆ. ಹಂಗಾಮಿನಲ್ಲಿ ಗಾಡಿ ಗದ್ದೆ ದಾರಿಯ ದೂಳಿನಲ್ಲಿ ಲೋಡು ಎಳೆಯುತ್ತದೆ, ಆಮೇಲೆ ಕಾರ್ಖಾನೆ ಗೇಟಿನ ಸಾಲಿನಲ್ಲಿ ಸ್ಟಾರ್ಟಿನಲ್ಲೇ ಗಂಟೆಗಟ್ಟಲೆ ನಿಲ್ಲುತ್ತದೆ. ನಿಂತಾಗ ಕಿಲೋಮೀಟರ್ ಏರುವುದಿಲ್ಲ, ಆಯಿಲ್ ಮಾತ್ರ ಹಾಳಾಗುತ್ತಲೇ ಇರುತ್ತದೆ. ಹಾಗಾಗಿ ಮೀಟರ್ ಒಂದನ್ನೇ ನಂಬಬೇಡಿ. ಗಾಡಿಯ ಪುಸ್ತಕದಲ್ಲಿ ಭಾರಿ ಕೆಲಸದ ಗಾಡಿಗಳಿಗೆ ಬೇರೆ, ಕಡಿಮೆ ಅಂತರ ಕೊಟ್ಟಿರುತ್ತಾರೆ. ಕಬ್ಬಿನ ಲಾರಿಗೆ ಅದೇ ಲೆಕ್ಕ.

ಆಯಿಲ್ ಚೆಲ್ಲುವುದು ಮೂರೇ ಹೊತ್ತಿನಲ್ಲಿ: ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬೋಲ್ಟ್ ಬಿಚ್ಚುವಾಗ, ಫಿಲ್ಟರ್ ಬಿಚ್ಚುವಾಗ, ಹಳೆ ಆಯಿಲ್ಲನ್ನು ಟಬ್ಬಿನಿಂದ ಕ್ಯಾನಿಗೆ ಸುರಿಯುವಾಗ. ಈ ಮೂರಕ್ಕೂ ಮುಂಚೆಯೇ ಅಣಿಯಾಗಿದ್ದರೆ ಆಮೇಲೆ ಒರೆಸುವ ಕೆಲಸವೇ ಇರುವುದಿಲ್ಲ.

ಯಾವ ಆಯಿಲ್, ಎಷ್ಟು

ಹಳೆಯ ಬಿಎಸ್-3, ಬಿಎಸ್-4 (ಬಿಎಸ್ ಎಂದರೆ ಹೊಗೆ ಮಾಲಿನ್ಯದ ಮಾನದಂಡ) ಲಾರಿಗಳಲ್ಲಿ ಹೆಚ್ಚಿನವಕ್ಕೆ 15ಡಬ್ಲ್ಯೂ-40 ದಪ್ಪದ, ಎಪಿಐ ಸಿಐ-4 ಗುಣಮಟ್ಟದ ದರ್ಜೆಯದು ನಡೆಯುತ್ತದೆ; ಎರಡೂ ಕ್ಯಾನಿನ ಮೇಲೆ ಬರೆದಿರುತ್ತವೆ. ಏಪ್ರಿಲ್ 2020ರಿಂದ ಬಂದ ಬಿಎಸ್-6 ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ಇದ್ದರೆ, ಬೂದಿ ಕಡಿಮೆ ಬಿಡುವ ಸಿಕೆ-4 ದರ್ಜೆ ಅಥವಾ ಕಂಪನಿ ಹೇಳಿದ್ದೇ ಆಗಬೇಕು. ಮಸಿಯನ್ನು ಡಿಪಿಎಫ್ ಸುಟ್ಟು ಹಾಕಿಕೊಳ್ಳುತ್ತದೆ. ಆಯಿಲ್ಲಿನ ಬೂದಿ ಸುಡುವುದಿಲ್ಲ, ಒಳಗೇ ಕಟ್ಟಿಕೊಳ್ಳುತ್ತದೆ. ಇಲ್ಲಿ ಸಾವಿರ ರೂಪಾಯಿ ಉಳಿಸಲು ಹೋದರೆ ಅದರ ಎಷ್ಟೋ ಪಟ್ಟು ಡಿಪಿಎಫ್‌ಗೆ ಕೊಡಬೇಕಾಗುತ್ತದೆ.

ಪಿಕಪ್ ಗಾಡಿಗಳಿಗೆ ಸುಮಾರು 5ರಿಂದ 7 ಲೀಟರ್ ಹಿಡಿಯುತ್ತದೆ. 5.9 ಲೀಟರ್ ಎಂಜಿನ್ನಿನ ಆರು ಚಕ್ರದ ಲಾರಿಗೆ ಸುಮಾರು 14ರಿಂದ 16. ಎಂಜಿನ್ನಿನಿಂದ ಎಂಜಿನ್ನಿಗೆ ವ್ಯತ್ಯಾಸವಿದೆ, ಪುಸ್ತಕದ ಅಂಕಿಯನ್ನೇ ಹಿಡಿಯಿರಿ. ಆಯಿಲ್ ಜೊತೆಗೆ ಹೊಸ ಫಿಲ್ಟರ್ ಮತ್ತು ಬೋಲ್ಟಿನ ಹೊಸ ತಾಮ್ರದ ವಾಷರ್ ಕೇಳಿ ತನ್ನಿ. ಹಳೆ ವಾಷರ್ ಒಮ್ಮೆ ಜಜ್ಜಿಹೋದದ್ದು. ಎರಡನೇ ಸಲ ಸರಿಯಾಗಿ ಕೂರದೆ ಬೆವರುತ್ತದೆ.

ನೆಲ ಸಿದ್ಧ ಮಾಡುವುದು

ಸಮತಟ್ಟಾದ ಸಿಮೆಂಟ್ ಅಥವಾ ಚಪ್ಪಡಿ ನೆಲ ಆಯ್ದುಕೊಳ್ಳಿ. ರಾಗಿ, ಭತ್ತ ಒಣಗಿಸುವ ಕಣದಲ್ಲಿ ಬೇಡ. ಬಾವಿ, ಬೋರ್‌ವೆಲ್ ಹತ್ತಿರವೂ ಬೇಡ. ಲಾರಿ ಎತ್ತರವಿರುವುದರಿಂದ ಜಾಕ್ ಅಗತ್ಯವಿಲ್ಲ. ಕೆಳಗೆ ನುಸುಳಲು ಆಗದ ಗಾಡಿಯಾದರೆ ರ‍್ಯಾಂಪ್ ಮೇಲೆ ಹತ್ತಿಸಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಮಲಗಲೇಬಾರದು. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಕೀ ತೆಗೆದು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ.

ಎಂಜಿನ್ ಕೆಳಗೆ ಟಾರ್ಪಾಲು ಹಾಸಿ, ನಾಲ್ಕೂ ಅಂಚಿನಡಿಗೆ ಇಟ್ಟಿಗೆ ಅಥವಾ ಬಿದಿರು ಕೊಟ್ಟು ಏರಿಸಿ. ಚೆಲ್ಲಿದರೂ ಅಂಚು ದಾಟುವುದಿಲ್ಲ. ಮೇಲೆ ರಟ್ಟು ಹಾಸಿ. ಪಕ್ಕದಲ್ಲಿ ಒಂದು ಬಕೆಟ್ ಮರದ ಹೊಟ್ಟು ಇರಲಿ. ತೆಂಗಿನ ನಾರಿನ ಪುಡಿ ಸಿಕ್ಕರೆ ಇನ್ನೂ ಒಳ್ಳೆಯದು, ಆಯಿಲ್ ಚೆನ್ನಾಗಿ ಹೀರುತ್ತದೆ. ಭತ್ತದ ಹೊಟ್ಟು ಇಷ್ಟು ಹೀರುವುದಿಲ್ಲ. ಟಬ್ಬು ಅಗಲವಾಗಿರಲಿ, ಹಿಡಿಯುವ ಅಳತೆ ಎಂಜಿನ್ ಆಯಿಲ್ಲಿನ ಒಂದೂವರೆ ಪಟ್ಟಾದರೂ ಇರಲಿ. ಅಂಚಿನವರೆಗೆ ತುಂಬಿದ ಟಬ್ಬನ್ನು ಚೆಲ್ಲದೆ ಎತ್ತುವುದು ಯಾರ ಕೈಲೂ ಆಗದು.

ಬೋಲ್ಟ್ ಬಿಚ್ಚುವುದು

ತಣ್ಣಗಿನ ಆಯಿಲ್ ದಪ್ಪ, ಗೋಡೆಗೆ ಅಂಟಿಕೊಂಡು ಕೊಳೆಯನ್ನು ಅಲ್ಲೇ ಬಿಡುತ್ತದೆ. ಓಡಿ ಬಂದ ಕೂಡಲೆ ಬಿಚ್ಚಿದರೆ ಕೈ ಸುಡುತ್ತದೆ. ಹತ್ತು ನಿಮಿಷ ಸ್ಟಾರ್ಟ್ ಇಟ್ಟು ಆಫ್ ಮಾಡಿ. ದೂರದ ಬಾಡಿಗೆಯಿಂದ ಬಂದಿದ್ದರೆ ಅರ್ಧ ಗಂಟೆ ಆರಲಿ. ಚೇಂಬರ್ ಮುಟ್ಟಿದರೆ ಬೆಚ್ಚಗಿರಬೇಕು, ಕೈ ಇಟ್ಟುಕೊಳ್ಳಲು ಆಗುವಷ್ಟು. ರಬ್ಬರ್ ಗ್ಲೌಸ್ ಹಾಕಿ: ಸುಟ್ಟ ಆಯಿಲ್ ವರ್ಷಾನುಗಟ್ಟಲೆ ಚರ್ಮಕ್ಕೆ ತಾಗುತ್ತಿದ್ದರೆ ಚರ್ಮದ ಕ್ಯಾನ್ಸರಿಗೂ ದಾರಿ.

ಮೇಲೆ ಆಯಿಲ್ ಮುಚ್ಚಳ ತೆರೆದು, ಆಯಿಲ್ ಮಟ್ಟ ನೋಡುವ ಗೇಜ್ ಕಡ್ಡಿಯನ್ನು ಸ್ವಲ್ಪ ಎಳೆದಿಡಿ. ಗಾಳಿ ಆಡಿದರೆ ಆಯಿಲ್ ಗುಳುಗುಳು ಎನ್ನದೆ ಒಂದೇ ಧಾರೆಯಾಗಿ ಬೀಳುತ್ತದೆ.

ಎಷ್ಟೋ ಎಂಜಿನ್‌ಗಳಲ್ಲಿ ಬೋಲ್ಟ್ ಚೇಂಬರಿನ ಪಕ್ಕಕ್ಕಿರುತ್ತದೆ. ಆಗ ಮೊದಲ ಧಾರೆ ನೇರ ಕೆಳಗೆ ಬೀಳದೆ ಒಂದು ಅಡಿ ಆಚೆಗೆ ಚಿಮ್ಮುತ್ತದೆ, ಒಳಗಿನ ಮಟ್ಟ ಇಳಿದ ಹಾಗೆ ಹಿಂದಕ್ಕೆ ಬಂದು ಕೊನೆಗೆ ಬೋಲ್ಟಿನ ಕೆಳಗೇ ತೊಟ್ಟಿಕ್ಕುತ್ತದೆ. ಗಲೀಜಿನ ಬಹುಪಾಲು ಇಲ್ಲೇ ಆಗುವುದು. ಟಬ್ಬನ್ನು ಬೋಲ್ಟಿನ ನೇರಕ್ಕಿಡದೆ ಅದು ಮುಖ ಮಾಡಿದ ಕಡೆಗೆ ಸರಿಸಿಡಿ, ಧಾರೆ ಸಣ್ಣದಾದಂತೆ ಹಿಂದಕ್ಕೆ ಎಳೆದುಕೊಳ್ಳಿ. ಗಾಳಿ ಬೀಸುತ್ತಿದ್ದರೆ ಅದೂ ಧಾರೆಯನ್ನು ತಿರುಗಿಸುತ್ತದೆ. ಗೋಣಿಚೀಲ ಮರೆ ಕಟ್ಟಿ.

ಸರಿಯಾದ ಅಳತೆಯ ರಿಂಗ್ ಸ್ಪ್ಯಾನರಿನಿಂದ ಸಡಿಲಿಸಿ, ಉಳಿದದ್ದನ್ನು ಕೈಯಲ್ಲಿ ತಿರುಗಿಸಿ. ತಿರುಗಿಸುವಾಗ ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದೇ ಇರಿ. ಕೊನೆಯ ಸುತ್ತು ಬಿಟ್ಟಿತು ಎಂದು ಕೈಗೆ ಗೊತ್ತಾದಾಗ ಒಂದೇ ಸಲಕ್ಕೆ ಪಕ್ಕಕ್ಕೆ ಎಳೆದುಬಿಡಿ. ಒತ್ತದೆ ಬಿಚ್ಚಿದರೆ ಬೋಲ್ಟಿನ ಎಳೆಯ (ತ್ರೆಡ್) ಸುತ್ತ ಸೋರಿ ಮೊಣಕೈವರೆಗೂ ಇಳಿಯುತ್ತದೆ. ಅರ್ಧ ಗಂಟೆ ಬಿಡಿ.

ಆ ಅರ್ಧ ಗಂಟೆಯಲ್ಲಿ ಆಯಿಲ್ ನೋಡಿ. ಕಪ್ಪಗಿರುವುದು ಡೀಸೆಲ್ ಮಸಿ, ಹೆದರಬೇಡಿ. ಹಾಲು ಹಾಕಿದ ಕಾಫಿ ಬಣ್ಣ ಬಂದಿದ್ದರೆ ನೀರು ಸೇರಿದೆ: ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ನೋಡಿಸಬೇಕು. ಡೀಸೆಲ್ ವಾಸನೆ ಬಲವಾಗಿ, ಆಯಿಲ್ ನೀರಾಗಿದ್ದರೆ ಇಂಜೆಕ್ಟರ್ ಕಡೆ ಅನುಮಾನ. ಬೋಲ್ಟಿಗೆ ಮ್ಯಾಗ್ನೆಟ್ ಇದ್ದು ಅದರಲ್ಲಿ ನುಣ್ಣನೆ ಬೂದು ಲೇಪವಿದ್ದರೆ ಸವೆತ ಸಹಜ. ಚೂರು, ಸಿಬಿರು ಕಂಡರೆ ಹೊಸ ಆಯಿಲ್ ಸುರಿಯುವ ಮೊದಲು ಮೆಕ್ಯಾನಿಕ್‌ಗೆ ತೋರಿಸಿ.

ಬೋಲ್ಟನ್ನು ಹೊಸ ವಾಷರಿನೊಂದಿಗೆ ಮೊದಲು ಬೆರಳಲ್ಲೇ ಮೂರ್ನಾಲ್ಕು ಸುತ್ತು ಕೂರಿಸಿ. ಬೆರಳಿಗೆ ಬಿಗಿಯೆನಿಸಿದರೆ ಎಳೆ ಅಡ್ಡ ಹಿಡಿದಿದೆ, ಬಿಚ್ಚಿ ಮತ್ತೆ ಕೂರಿಸಿ. ಸ್ಪ್ಯಾನರಿಗೆ ಪೈಪ್ ತೊಡಿಸಿ ಬಿಗಿಯಬೇಡಿ. ಅಲ್ಯೂಮಿನಿಯಂ ಚೇಂಬರಾದರೆ ಎಳೆಯೇ ಕಿತ್ತು ಬರುತ್ತದೆ.

ಫಿಲ್ಟರ್

ಪಟ್ಟಿ ಸ್ಪ್ಯಾನರಿನಿಂದ ಅರ್ಧ ಸುತ್ತು ಸಡಿಲಿಸಿ, ಅಂಚಿನಲ್ಲಿ ಸೋರುವುದು ನಿಲ್ಲಲಿ. ಆಮೇಲೆ ದಪ್ಪ ಪ್ಲಾಸ್ಟಿಕ್ ಕವರನ್ನು ಕೆಳಗಿನಿಂದ ಫಿಲ್ಟರಿಗೆ ತೊಡಿಸಿ, ಕವರಿನ ಮೇಲಿಂದಲೇ ತಿರುಗಿಸಿ ಬಿಚ್ಚಿ. ಒಳಗಿನ ಆಯಿಲ್ಲೆಲ್ಲ ಕವರಿನಲ್ಲೇ ಉಳಿಯುತ್ತದೆ. ಹಳೆ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಲೇಬೇಕು. ಎರಡು ರಿಂಗ್ ಒಂದರ ಮೇಲೊಂದು ಕೂತರೆ ಒತ್ತಡಕ್ಕೆ ಜಾರಿ, ನಿಮಿಷಗಳಲ್ಲಿ ಚೇಂಬರ್ ಖಾಲಿಯಾಗಿ ಎಂಜಿನ್ ಹಿಡಿದುಕೊಳ್ಳುತ್ತದೆ.

ಹೊಸ ರಿಂಗಿಗೆ ಹೊಸ ಆಯಿಲ್ ಸವರಿ, ರಿಂಗ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಫಿಲ್ಟರ್ ಮೊದಲೇ ತುಂಬಿಸಲು ಪುಸ್ತಕ ಹೇಳಿದ್ದರೆ ಅಂಚಿನ ಸಣ್ಣ ತೂತುಗಳಿಂದ ಮಾತ್ರ ಹಾಕಿ. ನಡುವಿನ ತೂತು ಸೋಸಿದ ಆಯಿಲ್ ಹೊರಡುವ ದಾರಿ, ಅಲ್ಲಿ ಬಿದ್ದ ಕಸ ನೇರ ಬೇರಿಂಗಿಗೆ.

ತುಂಬುವುದು, ಸ್ಟಾರ್ಟ್ ಮಾಡುವುದು

20 ಲೀಟರ್ ಕ್ಯಾನನ್ನು ಬಾಯಿ ಮೇಲ್ಭಾಗಕ್ಕೆ ಬರುವಂತೆ ಅಡ್ಡ ಹಿಡಿದು ಬಗ್ಗಿಸಿ; ಒಳಗೆ ಗಾಳಿ ಹೋಗುವುದರಿಂದ ಎಗರದೆ ಹರಿಯುತ್ತದೆ. ಟಬ್ಬಿನ ಹಳೆ ಆಯಿಲ್ಲನ್ನು ಮಾತ್ರ ಕ್ಯಾನಿಗೆ ಒಟ್ಟಿಗೆ ಸುರಿಯಲು ಹೋಗದೆ, ಚೊಂಬಿನಲ್ಲಿ ಮೊಗೆದು ಆಲಿಕೆಯಿಂದ ಹಾಕಿ.

ಹೊಸದು ಒಂದೆರಡು ಲೀಟರ್ ಕಡಿಮೆ ಇರುವಾಗಲೇ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಗೇಜ್ ನೋಡುತ್ತಾ ಏರಿಸಿ. ಮೇಲಿನ ಗೆರೆ ದಾಟಬಾರದು: ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಆಯಿಲ್ಲನ್ನು ಕಡೆದು ನೊರೆ ಮಾಡುತ್ತದೆ, ಒತ್ತಡ ಬೀಳುತ್ತದೆ. ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ತಿರುಗುವುದು ಆಯಿಲ್ ಪದರದ ಮೇಲೆ. ಆಯಿಲ್ ತಲುಪುವ ಮೊದಲು ರೇಸ್ ಮಾಡಿದರೆ ಬೇರಿಂಗ್ ಒಣಗಿ ಸವೆಯುತ್ತದೆ. ಆಯಿಲ್ ದೀಪ ಹತ್ತು ಸೆಕೆಂಡಿನಲ್ಲಿ ಆರದಿದ್ದರೆ ಕೂಡಲೆ ಆಫ್ ಮಾಡಿ. ಆರಿದರೆ ಗಾಡಿ ನಿಂತಲ್ಲೇ ಎಂಜಿನ್ ಮೂರು ನಿಮಿಷ ಓಡಿಸಿ, ಬೋಲ್ಟ್ ಮತ್ತು ಫಿಲ್ಟರ್ ಬುಡ ನೋಡಿ, ನಿಲ್ಲಿಸಿ, ಹತ್ತು ನಿಮಿಷದ ಮೇಲೆ ಗೇಜ್ ನೋಡಿ. ಫಿಲ್ಟರ್ ಕುಡಿದಷ್ಟು ಕಡಿಮೆಯಾಗಿರುತ್ತದೆ, ಅಷ್ಟು ತುಂಬಿ.

ಹಳೆ ಆಯಿಲ್

ನಾಲೆಗೆ, ಚರಂಡಿಗೆ, ಹೊಲದ ಬದುವಿಗೆ ಹಾಕಬೇಡಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದದ್ದು ಮುಂದಿನ ಊರಿನವರ ಗದ್ದೆಗೇ ಹೋಗುತ್ತದೆ. ಗೆದ್ದಲಿಗೆಂದು ಕೊಟ್ಟಿಗೆ ಕಂಬಕ್ಕೆ ಬಳಿಯುವ ರೂಢಿಯೂ ಬಿಡಬೇಕಾದದ್ದೇ, ದನ ನೆಕ್ಕುತ್ತದೆ, ಅದರಲ್ಲಿ ಲೋಹದ ಅಂಶವಿದೆ. ಆಲೆಮನೆ ಒಲೆಗೆ ಸುರಿದರೆ ಆ ಹೊಗೆ ತೆರೆದ ಕೊಪ್ಪರಿಗೆಯ ಮೇಲೇ ಆಡುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಡೀಸೆಲ್, ಕೂಲೆಂಟ್, ಬ್ರೇಕ್ ಆಯಿಲ್ ಬೆರೆಸದೆ ಖಾಲಿ ಕ್ಯಾನಿನಲ್ಲಿ ತುಂಬಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವ ಮರುಬಳಕೆದಾರರಿಗೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಡಿ. ಫಿಲ್ಟರಿನ ತಲೆಗೆ ತೂತು ಹೊಡೆದು ಒಂದು ರಾತ್ರಿ ಬೋರಲು ಹಾಕಿ ಬಸಿದು, ಆಯಿಲ್ ಹೀರಿದ ಹೊಟ್ಟಿನ ಚೀಲದ ಜೊತೆ ಅಲ್ಲಿಗೇ ತಲುಪಿಸಿ.

ಮೊದಲ ಬಾಡಿಗೆ ಮುಗಿಸಿ ಬಂದ ಮೇಲೆ ಬೋಲ್ಟಿನ ಕೆಳಗೊಂದು ಬಿಳಿ ರಟ್ಟು ಇಟ್ಟು ರಾತ್ರಿ ಬಿಡಿ. ಬೆಳಗ್ಗೆ ಕಲೆ ಕಂಡರೆ ಇನ್ನೂ ಬಿಗಿಯಲು ಹೋಗಬೇಡಿ, ಆಯಿಲ್ ಇಳಿಸಿ ವಾಷರ್ ಬದಲಿಸಿ.