ಬಾಂಡ್ ಪೇಪರಿಗೂ ಬಗ್ಗದ ಕರಾರು: ನಿಭಾಯಿಸುವುದು ಹೇಗೆ?

ನಮ್ಮ ಶಿರಸಿ, ಕುಮಟಾ ಕಡೆ ಒಂದು ನಂಬಿಕೆ ಇದೆ. ಬಾಂಡ್ ಪೇಪರಿನ ಮೇಲೆ ಬರೆದು ಇಬ್ಬರ ಸಾಕ್ಷಿ ಹಾಕಿಸಿದರೆ ಮುಗೀತು, ಕೋರ್ಟು ಒಪ್ಪಲೇಬೇಕು ಅಂತ. ಹಾಗೇನಿಲ್ಲ. ಕ್ರಿಕೆಟ್ ಬಾಜಿಯ ದುಡ್ಡು, 18 ತುಂಬದ ಹುಡುಗ ಒಪ್ಪಿಕೊಂಡ ಸಾಲ, ಇವಕ್ಕೆಲ್ಲ 1872ರ ಕರಾರು ಕಾಯ್ದೆಯಲ್ಲಿ ಬೆಲೆಯೇ ಇಲ್ಲ. ವರದಕ್ಷಿಣೆಯಂತೂ ಕೇಳಿದ್ದೇ ಅಪರಾಧ. 'ಕೆಲಸ ಬಿಟ್ಟ ಮೇಲೆ ಕಾರವಾರದಲ್ಲಿ ಇದೇ ಥರದ ಅಂಗಡಿ ಹಾಕಬಾರದು' ಅಂತ ಕೆಲಸದವರ ಸಹಿ ತೆಗೆದುಕೊಳ್ಳುವ ಮಾಲೀಕರು ಒಮ್ಮೆ ಅದೇ ಕಾಯ್ದೆಯ 27ನೇ ಕಲಂ ಓದಿಕೊಳ್ಳಲಿ, ದಂಧೆ ಮಾಡದಂತೆ ತಡೆಯುವ ಇಂಥ ಕರಾರೂ ನಡೆಯುವುದಿಲ್ಲ.

ಹಾಗಂತ ಬಾಯಿಮಾತೆಲ್ಲ ದಂಡ ಅಂದುಕೊಳ್ಳಬೇಡಿ. ಬಾಯಿಮಾತಿನ ಕರಾರೂ ನಡೆಯುತ್ತದೆ, ಸಾಬೀತು ಮಾಡುವುದೇ ಕಷ್ಟ. ಅಡಿಕೆ ಫಸಲು ಗುತ್ತಿಗೆ ಕೊಟ್ಟಿರಾ? ದರ, ಮುಂಗಡ, ಕೊಯ್ಲಿನ ಗಡುವು ಮೂರನ್ನೂ ವಾಟ್ಸಾಪ್‌ನಲ್ಲಿ ಕಳಿಸಿ 'ಸರಿ' ಅಂತ ಉತ್ತರ ತರಿಸಿಕೊಳ್ಳಿ. ಕೈಗಡ ಕೊಟ್ಟಿದ್ದರೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹಾಕಬೇಕು. ಅದು ದಾಟಿದ್ದರೆ, ಕೊಡುತ್ತೇನೆ ಅಂತ ಹೊಸದಾಗಿ ಬರೆಸಿ ಸಹಿ ಹಾಕಿಸಿಕೊಳ್ಳಿ, ಸಾಲಕ್ಕೆ ಮತ್ತೆ ಜೀವ ಬರುತ್ತದೆ.

ನಿಜವಾದ ತಲೆನೋವು ಅಕ್ಕಪಕ್ಕದ ತೋಟದವರ ಒಪ್ಪಂದದ್ದು. ಹಳ್ಳದ ನೀರಿನ ಸರದಿ ತಪ್ಪಿತು ಅಂತ ಯಾರು ಕೋರ್ಟಿಗೆ ಹೋಗುತ್ತಾರೆ? ಹೋದರೂ ತೀರ್ಪು ಬರುವಷ್ಟರಲ್ಲಿ ಅಡಿಕೆ ಮರ ಒಣಗಿರುತ್ತದೆ, ಅಲ್ವಾ? ಹಾಗಾಗಿ ಮಾತನ್ನು ಮುರಿಯಲು ಕಷ್ಟವಾಗುವ ಹಾಗೆ ಕಟ್ಟಬೇಕು. ನೀರು ಇಳಿಯುವ ಮೊದಲೇ, ಇನ್ನೂ ಯಾರಿಗೂ ಸಿಟ್ಟು ಬರದಿರುವಾಗ ಕೂತು ಮಾತಾಡಿ. 'ಬೆಳಿಗ್ಗೆ ಸ್ವಲ್ಪ ಹೊತ್ತು' ಅನ್ನಬೇಡಿ, ಎಷ್ಟರಿಂದ ಎಷ್ಟು ಗಂಟೆ ಅಂತ ಹೇಳಿ. ಸರದಿಯ ಮಧ್ಯೆ ಕರೆಂಟ್ ಹೋದರೆ ಆ ಹೊತ್ತು ಮರುದಿನಕ್ಕೆ ಸೇರುತ್ತದೋ ಇಲ್ಲವೋ? ಜಾಸ್ತಿ ಜಗಳ ಹುಟ್ಟುವುದೇ ಇಲ್ಲಿ, ಇದನ್ನು ಬಿಡಲೇಬೇಡಿ. ಮೊದಲಿಗೆ ಒಂದೇ ಬೇಸಿಗೆಗೆ ಒಪ್ಪಿಕೊಳ್ಳಿ. ಇಬ್ಬರೂ ಎದುರು ಮಾತಾಡದಂಥ ಹಿರಿಯರೊಬ್ಬರನ್ನು ಕೂರಿಸಿಕೊಳ್ಳಿ.

ತಪ್ಪಿದವರಿಗೆ ದಂಡ ಅಂತ ಬರೆದರೆ ವಸೂಲಿಯಾಗುವುದು ಅನುಮಾನ. ಬದಲಿಗೆ ಪಂಪ್ ರಿಪೇರಿಗೆ ಇಬ್ಬರೂ ಮೊದಲೇ ಸಮ ದುಡ್ಡು ಹಾಕಿಡಿ, ಕೈಯಿಂದ ಬಿಟ್ಟ ದುಡ್ಡಿಗೆ ಎಲ್ಲರಿಗೂ ಮರ್ಯಾದೆ ಇರುತ್ತದೆ. ಊರಿನಿಂದ ಹೊರಗಿಡುತ್ತೇವೆ ಅಂತ ಮಾತ್ರ ಹೆದರಿಸಬೇಡಿ. ಪೊಲೀಸ್ ದೂರು ನಿಮ್ಮ ಮೇಲೇ ಬರಬಹುದು.

ನಿಮ್ಮ ಜಾಗದಲ್ಲಿ ಪಕ್ಕದವರ ಪೈಪ್ ಹಾಯುತ್ತಿದ್ದರೆ 'ನನ್ನ ಅನುಮತಿಯಿಂದ' ಅಂತ ಒಂದು ಸಾಲು ಬರೆಸಿಟ್ಟುಕೊಳ್ಳಿ. ಅನುಮತಿ ಕೇಳದೆ, ಹಕ್ಕಿನಿಂದ ಎಂಬಂತೆ 20 ವರ್ಷ ಬಿಡದೆ ಬಳಸಿದ್ದರೆ ಅದನ್ನು ಅನುಭೋಗದ ಹಕ್ಕು, ಅಂದರೆ ಬೇರೆಯವರ ಜಾಗವನ್ನು ಹೀಗೆ ಬಳಸುವ ಹಕ್ಕು ಅಂತ ಅವರು ಕೇಳಬಹುದು. ಆ ಮಾತಿಗೆ ಕೋರ್ಟು ಕಿವಿ ಕೊಡುತ್ತದೆ.